ಕಾಡು ಬ್ಲೂಬೆರಿ ಹೊಲದಲ್ಲಿ ಹುಲ್ಲಿನ ಹತೋಟಿ ಹೇಗೆ?

ಅಮೆರಿಕದ ಮೇನ್ ರಾಜ್ಯ, ಕೆನಡಾದ ನೋವಾ ಸ್ಕೋಷಿಯಾ ಕಡೆಯ ಕಾಡು ಬ್ಲೂಬೆರಿಯನ್ನು ಯಾರೂ ನಾಟಿ ಮಾಡುವುದಿಲ್ಲ. ಮರ ಕಡಿದ ಜಾಗದಲ್ಲಿ ತಾನಾಗಿ ಹಬ್ಬಿದ ಕುಳ್ಳ ಗಿಡಗಳವು, ನೆಲದಡಿಯ ಕಾಂಡದಿಂದಲೇ ಹರಡುತ್ತವೆ. ಸಾಲುಗಳೇ ಇಲ್ಲ. ನಮ್ಮ ರಾಗಿ ಹೊಲದ ಹಾಗೆ ಕುಂಟೆ ಹೊಡೆದರೆ ಹುಲ್ಲಿನ ಜೊತೆ ಬೆಳೆಯೂ ಕಿತ್ತು ಬರುತ್ತದೆ!

ಇಲ್ಲಿ ಒಂದು ವರ್ಷ ಚಿಗುರು, ಮರುವರ್ಷ ಹಣ್ಣು. ಆಗಸ್ಟ್‌ ಹೊತ್ತಿಗೆ ಕೊಯ್ಲು. ಆಮೇಲೆ ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ, ಇಲ್ಲವೇ ಸುಡುತ್ತಾರೆ. ಹುಲ್ಲಿನ ಜೊತೆ ಜಗಳ ಮುಖ್ಯವಾಗಿ ಚಿಗುರಿನ ವರ್ಷದಲ್ಲಿ.

ಮೊದಲು ಹುಲ್ಲು ಯಾವುದೆಂದು ಗುರುತಿಸಿ. ಸೂಜಿಯಂಥ ಸಣ್ಣ ಎಲೆ, ಗುಂಪು ಗುಂಪಾಗಿ ಬೆಳೆದಿದೆಯಾ? ಅದು ಹೇರ್ ಫೆಸ್ಕ್ಯೂ ಇರಬಹುದು. ನೋವಾ ಸ್ಕೋಷಿಯಾದಲ್ಲಿ ಇದರ ಕಾಟ ಜಾಸ್ತಿ. ಸೆಥಾಕ್ಸಿಡಿಮ್, ಫ್ಲುವಾಜಿಫಾಪ್‌ನಂಥ ಔಷಧಿ ಬ್ಲೂಬೆರಿಯನ್ನು ಮುಟ್ಟದೆ ಎಷ್ಟೋ ಹುಲ್ಲುಗಳನ್ನು ಕೊಲ್ಲುತ್ತವೆ. ಆದರೆ ಈ ಫೆಸ್ಕ್ಯೂ ಅವಕ್ಕೆ ಬಗ್ಗುವುದಿಲ್ಲ. ಗುರುತಿಸದೆ ಸಿಂಪಡಿಸಿದರೆ ಸುಮ್ನೆ ದುಡ್ಡು ದಂಡ.

ಎರಡನೆಯದು ಮಣ್ಣು. ಬ್ಲೂಬೆರಿ ಹುಳಿ ಮಣ್ಣಿನ ಗಿಡ. ಗಂಧಕ ಹಾಕಿ ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಅನ್ನು 4ರ ಹತ್ತಿರಕ್ಕೆ ಇಳಿಸಿದರೆ ಬ್ಲೂಬೆರಿ ತಡೆದುಕೊಳ್ಳುತ್ತದೆ, ಹುಲ್ಲು ಸೊರಗುತ್ತದೆ. ಒಂದೇ ಹಂಗಾಮಿನಲ್ಲಿ ಫಲ ಕಾಣದು, ತಾಳ್ಮೆ ಬೇಕು. ಹಾಗೆಯೇ, ಹುಲ್ಲು ತುಂಬಿದ ಹೊಲಕ್ಕೆ ಸಾರಜನಕದ ಗೊಬ್ಬರ ಸುರಿಯಬೇಡಿ. ಅದನ್ನು ಮೊದಲು ಉಣ್ಣುವುದು ಹುಲ್ಲೇ ಅಲ್ವಾ?

ಔಷಧಿಗೆ ಹೊತ್ತು ನೋಡಬೇಕು. ಹೆಕ್ಸಾಜಿನೋನ್ ಎಂಬ ಕಳೆನಾಶಕವನ್ನು ವಸಂತದಲ್ಲಿ, ಬ್ಲೂಬೆರಿ ಚಿಗುರು ನೆಲದಿಂದ ಮೇಲೇಳುವ ಮುನ್ನವೇ ಹಾಕಬೇಕು. 1980ರ ದಶಕದಿಂದ ಬಳಸಿ ಬಳಸಿ ಕೆಲವು ಕಳೆಗಳು ಅದಕ್ಕೆ ಒಗ್ಗಿಹೋಗಿವೆ. ಜೊತೆಗೆ ಆ ಔಷಧಿ ನೀರಿನ ಜೊತೆ ಸುಲಭವಾಗಿ ನೆಲದಾಳಕ್ಕೆ ಇಳಿಯುತ್ತದೆ. ಮೇನ್‌ನ ಅಂತರ್ಜಲದಲ್ಲೂ ಸಿಕ್ಕಿದೆ. ಬಾವಿ ಹತ್ತಿರದ ಮರಳು ನೆಲವಾದರೆ ನಾನಂತೂ ಬೇಡ ಎನ್ನುತ್ತೇನೆ. ಹೇರ್ ಫೆಸ್ಕ್ಯೂಗೆ ಚೆನ್ನಾಗಿ ಕೆಲಸ ಮಾಡುವುದು ಪ್ರೊಪಿಜಮೈಡ್ ಎಂಬ ಇನ್ನೊಂದು ಕಳೆನಾಶಕ. ಬೆಲೆ ದುಬಾರಿ. ಮಣ್ಣು ಬೆಚ್ಚಗಿದ್ದರೆ ಬೇಗ ಕರಗಿ ಹಾಳಾಗುತ್ತದೆ. ಹಾಗಾಗಿ ಶರತ್ಕಾಲದ ಕೊನೆಗೆ, ನೆಲ ತಣ್ಣಗಾದ ಮೇಲೆ, ಹೆಪ್ಪುಗಟ್ಟುವ ಮುನ್ನ ಹಾಕುತ್ತಾರೆ. ಯಾವುದೇ ಔಷಧಿಯಾದರೂ ಪ್ರಮಾಣ, ಅನುಮತಿ ಎಲ್ಲ ಡಬ್ಬಿಯ ಲೇಬಲ್ ಪ್ರಕಾರವೇ.

ಯಂತ್ರ ತೊಳೆಯುವ ಕೆಲಸವನ್ನು ಬಹಳ ಜನ ತಾತ್ಸಾರ ಮಾಡುತ್ತಾರೆ. ಕೊಯ್ಲಿನ ಯಂತ್ರಕ್ಕೆ ಅಂಟಿದ ಬೀಜ ಪಕ್ಕದ ಹೊಲಕ್ಕೂ ಹೋಗುತ್ತದೆ. ಶುದ್ಧವಾದ ಹೊಲ ಮೊದಲು, ಹುಲ್ಲಿನ ಹೊಲ ಕೊನೆಗೆ ಕೊಯ್ಯಿರಿ. ಬೋಳು ಜಾಗಕ್ಕೆ ಮರದ ಚಕ್ಕೆ ಹೊದಿಸಿದರೆ ಬ್ಲೂಬೆರಿ ಅತ್ತ ಹಬ್ಬುತ್ತದೆ. ಹಣ್ಣಿನ ವರ್ಷದಲ್ಲಿ ಬೆಳೆಗಿಂತ ಎತ್ತರಕ್ಕೆ ನಿಂತ ತೆನೆಗಳನ್ನು ಬೀಜ ಬಲಿಯುವ ಮುನ್ನವೇ ಕತ್ತರಿಸಿಬಿಡಿ.