ಈ ಕಕ್ಕಡದಲ್ಲಿ ಶೂಟಿಂಗ್, ಮುಂದಿನ ಕಕ್ಕಡಕ್ಕೆ ವಿಡಿಯೊ

ಅಡುಗೆ ವಿಡಿಯೊ ಸರಣಿ ಶುರು ಮಾಡಿದ ವರ್ಷ ನಾನೂ ಅತ್ತೆಯೂ ಮಾಡಿದ ಮೊದಲ ಪೆದ್ದುತನ ಮದ್ದು ಪಾಯಸದ್ದು. ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18, ಎಂದರೆ ಆಗಸ್ಟ್ 3ರ ಆಸುಪಾಸು, ತೋಟದಂಚಿನ ಮದ್ದು ಸೊಪ್ಪು ಕೊಯ್ದು ತಂದು ಮಧ್ಯಾಹ್ನವಿಡೀ ಶೂಟ್ ಮಾಡಿದೆವು. ಎಡಿಟ್ ಮಾಡಿ ಹಾಕುವಷ್ಟರಲ್ಲಿ ವಾರ ಕಳೆದಿತ್ತು. ನೋಡಿದವರೆಲ್ಲ ಕೇಳಿದ್ದು ಒಂದೇ: “ಸೊಪ್ಪು ಇನ್ನೂ ಸಿಗುತ್ತಾ?” ಅದರಲ್ಲಿ 18 ಬಗೆಯ ಮದ್ದು ಸೇರುತ್ತದೆ ಎಂಬ ನಂಬಿಕೆ ಇರುವುದು ಆ ಒಂದು ದಿನಕ್ಕೆ. ದಿನ ಕಳೆದ ಮೇಲೆ ಪಾಯಸ ಯಾರಿಗೆ ಬೇಕು?

ಹಾಗಾಗಿ ಕೊಡಗಿನ ಅಡುಗೆ ಸರಣಿ ಮಾಡಹೊರಟವರು ಕ್ಯಾಮೆರಾ ಕೊಳ್ಳುವ ಮುಂಚೆ ಕ್ಯಾಲೆಂಡರ್ ಬಿಡಿಸಿ ಕೂರಬೇಕು.

ಮೊದಲು ತಿಂಗಳ ಲೆಕ್ಕ

ಮಳೆಗಾಲಕ್ಕೆ ಕಣಿಲೆ (ಎಳೆ ಬಿದಿರು), ಕುಮ್ಮು (ಅಣಬೆ). ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ). ನವೆಂಬರ್ ಕೊನೆ ಅಥವಾ ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಗೆ ತಂಬುಟ್ಟು (ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟಿನ ಸಿಹಿ). ಈ ಅಡುಗೆಗಳನ್ನು ಹಬ್ಬದ ದಿನವೇ ಶೂಟ್ ಮಾಡಿ, ಮುಂದಿನ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಹಾಕಿ. ವರ್ಷವಿಡೀ ಆಗುವ ಅಕ್ಕಿ ರೊಟ್ಟಿ, ನೂಪುಟ್ಟು (ಒತ್ತು ಶಾವಿಗೆ)ಗಳನ್ನು ನಡುನಡುವೆ ಖಾಲಿ ವಾರಗಳಿಗೆ ಇಟ್ಟುಕೊಳ್ಳಿ. ಮೊದಲ ಸರಣಿಗೆ ಎಂಟು ಕಂತು ಸಾಕು. ಐವತ್ತು ಎಂದು ಬರೆದುಕೊಂಡವರು ಮೂರಕ್ಕೆ ನಿಲ್ಲಿಸಿದ್ದನ್ನು ನೋಡಿದ್ದೇನೆ.

ಆಮೇಲೆ ತಕ್ಕಡಿ

“ಉಪ್ಪು ಎಷ್ಟು ಅತ್ತೆ?”

“ಕೈಗೆ ಬಂದಷ್ಟು ಹಾಕು.”

ಅವರ ಕೈಗೆ ಸರಿಯಾಗಿಯೇ ಬರುತ್ತದೆ, ನೋಡುವವರ ಕೈಗೆ ಬರುವುದಿಲ್ಲ. ಅವರನ್ನು ತಡೆದು ಚಮಚ ಕೊಟ್ಟರೆ ಅಡುಗೆಯೇ ಕೆಡುತ್ತದೆ. ಇದನ್ನೂ ಪ್ರಯೋಗ ಮಾಡಿ ತಿಂದಿದ್ದೇವೆ. ನಾನು ಕಂಡುಕೊಂಡ ಉಪಾಯ ಸುಲಭದ್ದು. ಉಪ್ಪಿನ ಡಬ್ಬಿ, ಮಸಾಲೆ ಬಟ್ಟಲು, ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಬಾಟಲಿ ಎಲ್ಲವನ್ನೂ ಅಡುಗೆಗೆ ಮುಂಚೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಅವರು ಅವರ ಪಾಡಿಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ, ಕಮ್ಮಿಯಾದದ್ದೇ ಅಳತೆ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ. ನಮ್ಮನೆ ಕಡಂಬುಟ್ಟಿಗೆ ಅಕ್ಕಿ ತರಿ ಒಂದು ಲೋಟ, ನೀರು ಎರಡೂವರೆ ಎಂದು ಗೊತ್ತಾದದ್ದು ಹೀಗೆ.

ಅಜ್ಜಿಯರು ಹೇಳದೇ ಬಿಡುವ ಕೆಲಸಗಳೂ ಇವೆ, ಅವರಿಗದು ಹೇಳುವ ಮಾತೇ ಅಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ಬಳಸಬೇಕು. ಆ ನೀರು ಬದಲಿಸುವುದನ್ನು ಪ್ರತಿ ದಿನ ಐದು ಸೆಕೆಂಡಾದರೂ ತೆಗೆಯಿರಿ. ಕಾಡಿನ ಅಣಬೆಯನ್ನು ಗುರುತು ಹಿಡಿಯುವುದು ಹೇಗೆಂದು ವಿಡಿಯೊದಲ್ಲಿ ಕಲಿಸಲು ಹೋಗಬೇಡಿ. ಪಂದಿ ಕರಿಗೆ ಸಾಕಿದ ಹಂದಿಯ ಮಾಂಸ ಎಂದು ಬಾಯಿಬಿಟ್ಟು ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಂದಿಗೂ ಅನ್ವಯಿಸುತ್ತದೆ, ತಮಾಷೆಗೂ ಬೇರೆ ಮಾತು ಬೇಡ.

ಒಲೆಯ ಮುಂದೆ

ಫೋನ್ ಸಾಕು, ಜೊತೆಗೆ ಅಲುಗಾಡದ ಸ್ಟ್ಯಾಂಡ್ ಇರಲಿ. ಕಿಟಕಿಯ ಬೆಳಕು ಪಾತ್ರೆಯ ಹಿಂದಿನಿಂದಲೋ ಪಕ್ಕದಿಂದಲೋ ಬಿದ್ದರೆ ಹಬೆ ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಕೆಲವು ಎಲ್‌ಇಡಿ ಬಲ್ಬುಗಳ ಕೆಳಗೆ ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಚಿತ್ರದಲ್ಲಿ ಪಟ್ಟಿ ಓಡುತ್ತದೆ. 25 ಫ್ರೇಮ್, ಶಟರ್ 1/50 ಇಡಿ.

ಪಂದಿ ಕರಿಯದೇ ಒಂದು ಪ್ರತ್ಯೇಕ ಗೋಳು. ಕೊತ್ತಂಬರಿ, ಜೀರಿಗೆ, ಮೆಣಸನ್ನು ಕಪ್ಪಾಗುವವರೆಗೆ ಹುರಿದು, ಕೊನೆಗೆ ಕಾಚಂಪುಳಿ ಬಿಟ್ಟಾಗ ಬರುವ ಆ ಮಿರುಗುವ ಕಪ್ಪನ್ನು ಫೋನ್ ಒಪ್ಪುವುದಿಲ್ಲ. ಚೌಕಟ್ಟಿನ ತುಂಬ ಕಪ್ಪಿದ್ದರೆ ಕತ್ತಲಾಯಿತೆಂದುಕೊಂಡು ತಾನೇ ಬೆಳಕು ಏರಿಸುತ್ತದೆ, ಸಾರು ಕೆಸರಿನ ಹಾಗೆ ಕಾಣುತ್ತದೆ. ಪರದೆಯ ಮೇಲೆ ಪಾತ್ರೆಯನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕೊಬ್ಬಿನ ಅಂಚು ಹೊಳೆದರೆ ಸರಿಯಾಯಿತು ಎಂದರ್ಥ.

ಮುಖಕ್ಕಿಂತ ಕೈ ತೆಗೆಯಿರಿ. ಅತ್ತೆ ಕ್ಯಾಮೆರಾ ಕಂಡರೆ ಕಲ್ಲಾಗುತ್ತಾರೆ, ಅವರ ಬೆರಳಿಗೆ ಮಾತ್ರ ಕ್ಯಾಮೆರಾ ಇದೆಯೆಂಬುದೇ ಗೊತ್ತಿಲ್ಲ. ಅಂಗೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟನ್ನು ಉಂಡೆ ಕಟ್ಟುವಾಗ ಹೆಬ್ಬೆರಳು ಒಂದು ಸುತ್ತು ತಿರುಗುತ್ತದಲ್ಲ, ಅದನ್ನು ಮಾತಿನಲ್ಲಿ ಬರೆದು ಕಲಿಸಲಾಗದು.

ಮಳೆಯ ಸದ್ದು

ಜುಲೈಯಲ್ಲಿ ಶೀಟ್ ಮಾಡಿನ ಅಡುಗೆಮನೆಯಲ್ಲಿ ಮಾತು ರೆಕಾರ್ಡ್ ಮಾಡುವ ಆಸೆ ಬಿಡಿ. ಚಿತ್ರ ಮಾತ್ರ ತೆಗೆದುಕೊಂಡು, ಮಾತನ್ನು ಆಮೇಲೆ ಮಳೆ ಬಿಟ್ಟ ಹೊತ್ತಿನಲ್ಲಿ ಸೇರಿಸಿ. ನಮ್ಮ ಸ್ಟುಡಿಯೊ ಮಾರುತಿ ಕಾರು: ಗಾಜು ಏರಿಸಿ, ಸೀಟಿನ ಮೇಲೆ ಕಂಬಳಿ ಹಾಸಿ, ಕಾಲರ್ ಮೈಕ್ ಹಾಕಿಕೊಂಡು ಕೂತರೆ ಪ್ರತಿಧ್ವನಿ ಇಲ್ಲ. ಒಗ್ಗರಣೆ ಚಟಪಟ, ಮಸಾಲೆ ಅರೆಯುವ ಸದ್ದನ್ನು ಬೇರೆ ದಿನ ಹತ್ತಿರದಿಂದ ಹಿಡಿದಿಡಿ. ಮಳೆಯ ಸದ್ದೂ ಅರ್ಧ ನಿಮಿಷ ಬೇಕು, ಕಣಿಲೆ ಕಂತಿಗೆ ಅದಕ್ಕಿಂತ ಒಳ್ಳೆ ಸಂಗೀತ ಇಲ್ಲ. ಸಿನಿಮಾ ಹಾಡು ಹಾಕಿದರೆ ಕಾಪಿರೈಟ್ ತಕರಾರು ಬರುತ್ತದೆ.

ಎಡಿಟಿಂಗ್, ಅಪ್‌ಲೋಡ್

ಮೂರು ಗಂಟೆಯ ಅಡುಗೆ ಎಂಟು ನಿಮಿಷಕ್ಕೆ ಇಳಿಯಬೇಕು. ಈರುಳ್ಳಿ ಹೆಚ್ಚುವುದನ್ನು ಕತ್ತರಿಸಿ ಎಸೆಯಿರಿ, ಮಸಾಲೆ ಬಣ್ಣ ತಿರುಗುವುದನ್ನು ಮುಟ್ಟಬೇಡಿ. ಮುಖಚಿತ್ರ 1280 x 720 ಅಳತೆಯಲ್ಲಿ, ಫೋನಿನ ಸಣ್ಣ ಪರದೆಯಲ್ಲೂ ಏನೆಂದು ತಿಳಿಯುವಂತಿರಲಿ. ಕರೆಂಟ್ ಇರುವ ರಾತ್ರಿ ಅಪ್‌ಲೋಡ್‌ಗೆ ಇಟ್ಟು ಮಲಗಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಎಂಟು ಕಂತಿನಲ್ಲಿ ನಮಗೆ ಅದು ದಾಟಲಿಲ್ಲ.

ವಿಡಿಯೊ ಕೆಳಗಿನ ವಿವರಣೆಯನ್ನು ಗಡಿಬಿಡಿಯಲ್ಲಿ ಬರೆಯಬೇಡಿ. ಮದ್ದು ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಬರೆದಿದ್ದೆ. ಪಾಯಸ ತಿಂದ ಮೇಲೆ ಮೂತ್ರವೂ ಕೆಂಪಾಗುತ್ತದೆ, ಹೆದರಬೇಡಿ ಎಂದು ಬರೆಯುವುದು ಮರೆತಿತ್ತು. ನಾವೇ ಕಟ್ಟಿ ಕಳಿಸಿದ ಸೊಪ್ಪಿನಲ್ಲಿ ಪಾಯಸ ಮಾಡಿದ್ದ ನಾದಿನಿಯ ಗೆಳತಿ ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಮಾಡಿದಾಗ, ಆಗಲೇ ಡಾಕ್ಟರ ಬಳಿ ಹೊರಡಲು ಚಪ್ಪಲಿ ಮೆಟ್ಟಿದ್ದಳು.