ಎಡಕ್ಕೆ ಎಳೆಯುತ್ತಿದ್ದ ಕಾರು ಸರಿಹೋದದ್ದು ಹೀಗೆ

ತುಮಕೂರಿನಿಂದ ಸಿರಾಕ್ಕೆ ಹೊರಟಾಗಲೆಲ್ಲ ನಮ್ಮ ಎಸ್‌ಯುವಿ ಎಡಕ್ಕೆ ಎಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ನನಗೆ ಜೀವ ಕೈಯಲ್ಲಿ ಹಿಡಿದಂತಾಗುತ್ತಿತ್ತು.

ಹೊರಗಿನಿಂದ ನೋಡಿದರೆ ಟೈರುಗಳು ಚೆನ್ನಾಗಿಯೇ ಇದ್ದವು. ಒಂದು ದಿನ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಮುಂದಿನ ಎಡ ಟೈರಿನ ಒಳಅಂಚಿನ ಮೇಲೆ ಬೆರಳಾಡಿಸಿದೆ. ಬೋಳು! ಟೈರಿನ ಚಡಿಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸವೆತದ ಗುರುತು ಇರುತ್ತದೆ. ಅಲ್ಲಿ ರಬ್ಬರು ಅದಕ್ಕಿಂತಲೂ ಕೆಳಗಿಳಿದಿತ್ತು. ಬಲಗಡೆಯದೂ ಅದೇ ಹಾದಿಯಲ್ಲಿತ್ತು. ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದ್ದೇ ಕಾರಣ.

ಎರಡು ಹೊಸ ಟೈರು ಕೊಂಡೆ. ಕೊಳ್ಳುವ ಮುನ್ನ ಟೈರಿನ ಪಕ್ಕದ ಮೈಮೇಲಿರುವ ನಾಲ್ಕು ಅಂಕಿಗಳನ್ನು ದಯವಿಟ್ಟು ಓದಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯವರು ಮೊದಲು ತಂದಿಟ್ಟ ಹಳೆಯ ಜೋಡಿಯನ್ನು ನಾನು ಒಪ್ಪಲಿಲ್ಲ. ಹಿಂದಿದ್ದ ಟೈರುಗಳನ್ನು ಮುಂದಕ್ಕೆ ಹಾಕಿಸಿ, ಹೊಸದನ್ನು ಹಿಂದಿನ ಚಕ್ರಗಳಿಗೇ ಹಾಕಿಸಿದೆ. ಮಳೆಯಲ್ಲಿ ಹಿಂಬದಿ ಜಾರಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವುದು) ಎರಡನ್ನೂ ಮಾಡಿಸಿದೆ.

ಗಾಳಿಯ ಒತ್ತಡಕ್ಕೆ ಚಾಲಕನ ಬಾಗಿಲ ಬಳಿಯ ಚೀಟಿಯೇ ಪ್ರಮಾಣ. ಟೈರಿನ ಮೇಲಿರುವುದು ಗರಿಷ್ಠ ಮಿತಿ. ಈಗ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡುತ್ತೇನೆ, ಸ್ಟೆಪ್ನಿಯನ್ನೂ ಸೇರಿಸಿ. ಮೊನ್ನೆ ಸಿರಾದವರೆಗೂ ಗಾಡಿ ದಾರ ಹಿಡಿದಂತೆ ನೇರವಾಗಿ ಓಡಿತು.