ಮಳೆ ಡೈರಿಯ ಎರಡನೇ ಸಾಲು

ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು. ತಂದೆಯವರಿಂದ ನನಗೆ ಬಂದಿದ್ದ ಈ ಅಭ್ಯಾಸ 2018ರ ಆಗಸ್ಟ್ ಮಧ್ಯದಲ್ಲಿ ನಿಂತುಹೋಯಿತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ ಆ ದಿನಗಳಲ್ಲಿಯೇ ನಮ್ಮ ತೋಟದ ಮೇಲಿನ ಬರೆಯೂ (ಕಡಿದಾದ ಮಣ್ಣಿನ ಇಳಿಜಾರು) ಕುಸಿದು, ಎರಡು ಎಕರೆ ರೋಬಸ್ಟಾ ಕಾಫಿ, ಅದರ ನಡುವಿನ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಗಳು, ಕೊನೆಗೆ ಮಳೆ ಅಳೆಯುವ ಡಬ್ಬಿಯೂ ಹೊಳೆಯ ಪಾಲಾದವು. ಮನೆ ಉಳಿಯಿತು. ಹನ್ನೊಂದು ದಿನ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು.

ಅಲ್ಲಿಗೆ ಬಂದವರೆಲ್ಲರೂ “ಧೈರ್ಯ ತಂದುಕೊಳ್ಳಿ” ಎನ್ನುತ್ತಿದ್ದರು. ಅವರ ಪ್ರೀತಿಯಲ್ಲಿ ನನಗೆ ಅನುಮಾನವಿರಲಿಲ್ಲ; ಆದರೆ ಆ ಮಾತನ್ನು ಕೇಳಿದಷ್ಟೂ, ಅದು ನನ್ನಲ್ಲಿಲ್ಲವಲ್ಲ ಎಂಬ ಇನ್ನೊಂದು ಭಾರ ಹೆಗಲೇರುತ್ತಿತ್ತು.

ಮನೆಗೆ ಮರಳಿದ ಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಬರೆಯತ್ತ ಟಾರ್ಚ್ ಬಿಡುವುದು, ಮೇಲ್ಭಾಗದ ಚರಂಡಿಯನ್ನು ಸಕಾಲದಲ್ಲಿ ಬಿಡಿಸದ ತಪ್ಪಿಗೆ ನನ್ನನ್ನು ನಾನೇ ಬೈದುಕೊಳ್ಳುವುದು ನಿತ್ಯದ ಕೆಲಸವಾಯಿತು. ಒಂದು ದಿನ ನನ್ನೊಡನೆ ಹೂಳು ತೆಗೆಯುತ್ತಿದ್ದ ಹಿರಿಯ ಕಾರ್ಮಿಕರೊಬ್ಬರು ಕಾಲು ಜಾರಿ ಬಿದ್ದರು. ನಾನು ಓಡಿಹೋಗಿ, “ಕೂತ್ಕೊಳ್ಳಿ ಅಣ್ಣ, ಮೊದಲು ನೀರು ಕುಡೀರಿ, ಉಳಿದದ್ದು ಆಮೇಲೆ ನೋಡುವ” ಎಂದೆ. ಹಾಗೆ ಹೇಳುವಾಗ ನನ್ನ ದನಿ ನನಗೇ ಹೊಸದೆನಿಸಿತು. ಎರಡು ತಿಂಗಳಲ್ಲಿ ಒಮ್ಮೆಯೂ ಆ ದನಿಯಲ್ಲಿ ನನ್ನೊಡನೆ ನಾನು ಮಾತನಾಡಿಕೊಂಡಿರಲಿಲ್ಲ. ಆ ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಮನೆಯವರಿಗೆ ಕೇಳಿಸದಂತೆ, ನನ್ನ ಹೆಸರು ಹಿಡಿದು ಅದೇ ಮಾತನ್ನು ಹೇಳಿಕೊಂಡೆ. ನಾಚಿಕೆಯಾಯಿತು, ಆದರೆ ನಿದ್ದೆ ಸ್ವಲ್ಪ ಬೇಗ ಬಂತು.

ಮರುವಾರ ಹೊಸ ಮಳೆಮಾಪಕ ತಂದು, ಡೈರಿಯಲ್ಲಿ ಮಳೆಯ ಅಂಕಿಯ ಕೆಳಗೆ ಎರಡನೆಯದೊಂದು ಸಾಲು ಬರೆಯತೊಡಗಿದೆ. ಮಾಡಬೇಕಾದದ್ದನ್ನಾಗಲಿ ತಪ್ಪಿಹೋದದ್ದನ್ನಾಗಲಿ ಅಲ್ಲಿ ಬರೆಯಬಾರದು, ಆ ದಿನ ಮಾಡಿ ಮುಗಿಸಿದ್ದನ್ನು ಮಾತ್ರ ಬರೆಯಬೇಕು ಎಂದು ನಾನೇ ಕಟ್ಟಳೆ ಹಾಕಿಕೊಂಡಿದ್ದೆ. “ಮಳೆ 40 ಸೆಂಟು. ಬೇಲಿಗೆ ಆರು ಕಂಬ ನೆಟ್ಟೆ.” “ಮಳೆ ಇಲ್ಲ. ಎರಡು ಹೊತ್ತು ಊಟ ಮಾಡಿದೆ.” ಈ ಎರಡನೆಯ ಬಗೆಯ ಸಾಲುಗಳೇ ಮೊದಲ ಪುಟಗಳಲ್ಲಿ ಹೆಚ್ಚು.

2019ರ ಜನವರಿಯಲ್ಲಿ, ಉಳಿದ ಗಿಡಗಳಿಂದ ಹಣ್ಣು ಆರಿಸಿ ಬೀಜ ಮಾಡಿ ಪಾತಿಗೆ ಹಾಕಿದೆ. ಮೊಳಕೆಯೊಡೆದ ಕಾಫಿಬೀಜ ತನ್ನ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ನೆಟ್ಟಗೆ ನಿಲ್ಲುವ ಹಂತವನ್ನು ನಾವು ಟೋಪಿ ಎನ್ನುತ್ತೇವೆ. ಬೆಳಗ್ಗೆ ಎದ್ದು ಆ ಟೋಪಿಗಳನ್ನು ಎಣಿಸುವುದಕ್ಕಾಗಿಯೇ ಹಾಸಿಗೆ ಬಿಟ್ಟ ದಿನಗಳಿವೆ. ನೆಟ್ಟ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕೆಂಬ ಲೆಕ್ಕ ಮೊದಮೊದಲು ಎದೆ ಒಡೆಯುವಂತಿತ್ತು. ಆಮೇಲೆ ಅದೇ ಲೆಕ್ಕ, ನಾಳೆಗೇ ಎಲ್ಲವೂ ಸರಿಹೋಗಬೇಕಿಲ್ಲ ಎಂಬ ಬಿಡುವನ್ನೂ ಕೊಟ್ಟಿತು.

ಆದರೆ 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದ ಬೆಟ್ಟ, ಮರುವರ್ಷ ಅದೇ ತಿಂಗಳು ತಲಕಾವೇರಿಯ ಗಜಗಿರಿ ಕುಸಿದಾಗ ನನ್ನ ಕೈನಡುಕ ಮರಳಿ ಬಂತು. ಡೈರಿಯಿಂದ ಅದು ನಿಲ್ಲಲಿಲ್ಲ. ಮನೋವೈದ್ಯರನ್ನು ಕಂಡು ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಎರಡು ವರ್ಷ ಮೊದಲೇ ಹೋಗಬೇಕಿತ್ತು. ಈಗ ಯಾರಾದರೂ ನಿದ್ದೆಯಿಲ್ಲವೆಂದರೆ ಡೈರಿಯ ವಿಷಯಕ್ಕಿಂತ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ.

ಈಗಲೂ ಮಳೆಗಾಲದಲ್ಲಿ ಒಂದೇ ದಿನ ಐದು ಇಂಚು ದಾಟಿದರೆ, ಸಂಜೆಗೆ ಮುಂಚೆ ಬಾಗಿಲಿಗೆ ಬೀಗ ಹಾಕಿ ಎಲ್ಲರೂ ಕುಶಾಲನಗರದ ನೆಂಟರ ಮನೆಗೆ ಹೋಗುತ್ತೇವೆ. ಮೊದಲಾಗಿದ್ದರೆ ಇದನ್ನು ಹೇಡಿತನ ಎನ್ನುತ್ತಿದ್ದೆ. ಈಗ ಡೈರಿಯಲ್ಲಿ ಎರಡನೇ ಸಾಲಾಗಿ ಬರೆಯುತ್ತೇನೆ: “ನಾಲ್ಕು ಗಂಟೆಗೆ ಹೊರಟೆವು.”